ಡೆಂಗಿ ಕಾಲದಲ್ಲಿ ದಿನ ಎಣಿಸುವ ಲೆಕ್ಕ

2024ರ ಬೇಸಿಗೆಯಲ್ಲಿ ನೀರಿಗಾಗಿ ಪರದಾಡಿದ ಬೆಂಗಳೂರು ಅದೇ ವರ್ಷದ ಮಳೆಗಾಲದಲ್ಲಿ ಡೆಂಗಿಯಿಂದ ತತ್ತರಿಸಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನೂ ಗೊತ್ತುಪಡಿಸಿತು. ಮೋರಿಯ ಕೊಳಕಿನಿಂದ ಡೆಂಗಿ ಬರುತ್ತದೆಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಆದರೆ ಅದನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಹೆಚ್ಚಾಗಿ ಮೊಟ್ಟೆಯಿಡುವುದು, ಕಾವೇರಿ ನೀರು ಯಾವಾಗ ನಿಲ್ಲುವುದೋ ಎಂದು ನಾವು ಜೋಪಾನವಾಗಿ ತುಂಬಿಟ್ಟುಕೊಂಡ ತಿಳಿನೀರಿನಲ್ಲಿ.

ಮೊಟ್ಟೆಯೊಡೆದು ಲಾರ್ವಾ ಆಗಿ, ರೆಕ್ಕೆ ಮೂಡಿ ಹಾರುವುದಕ್ಕೆ ಆ ಸೊಳ್ಳೆಗೆ ನಮ್ಮ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು ಡ್ರಮ್ಮು, ಬಕೆಟ್, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ತಾರಸಿಯಲ್ಲಿ ಬಿದ್ದಿರುವ ಹಳೆಯ ಟೈರು, ಎಳನೀರಿನ ಬುರುಡೆಗಳ ನೀರನ್ನೆಲ್ಲ ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು, ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಬಲ್ಲವಾದ್ದರಿಂದ, ನಾರು ಅಥವಾ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಖಾಲಿ ಮಾಡಲಾಗದ ಸಂಪು ಮತ್ತು ತಾರಸಿಯ ಟ್ಯಾಂಕುಗಳ ಮುಚ್ಚಳ ಬಿಗಿಯಾಗಿರಲಿ, ಹೆಚ್ಚುವರಿ ನೀರು ಹೊರಬರುವ ಪೈಪಿನ ಬಾಯಿಗೆ ಬಲೆ ಕಟ್ಟಿರಲಿ. ಬೀದಿಯಲ್ಲಿ ಹೊಗೆ ಬಿಟ್ಟುಹೋದರೆಂದು ನೆಮ್ಮದಿಯಾಗಿರುವವರನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ, ಏಕೆಂದರೆ ಹೊಗೆ ಹಾರುವ ಸೊಳ್ಳೆಗೆ ಮಾತ್ರ, ನೀರಿನೊಳಗಿನ ಲಾರ್ವಾಕ್ಕೆ ಅದು ತಟ್ಟುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ತೀವ್ರ ಜ್ವರ, ಕಣ್ಣಿನ ಹಿಂಭಾಗದಲ್ಲಿ ನೋವು, ಮೈಕೈ ನೋವು ಕಾಣಿಸಿದರೆ, ಮೊದಲು ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ವೈದ್ಯರ ಬಳಿ ಹೋಗಿ. ಮುಂದಿನ ನಿರ್ಧಾರಗಳೆಲ್ಲ ಆ ಗುರುತನ್ನು ಅವಲಂಬಿಸಿವೆ: ಮೊದಲ ಐದು ದಿನಗಳೊಳಗೆ ರಕ್ತದಲ್ಲಿ ವೈರಸ್ಸಿನ ಪ್ರೋಟೀನನ್ನೇ ಹುಡುಕುವ ಎನ್‌ಎಸ್1 ಪರೀಕ್ಷೆ ಉಪಯುಕ್ತ, ಅನಂತರ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವುದರಿಂದ ಮೈಕೈ ನೋವೆಂದು ಅಂಗಡಿಯಿಂದ ಅವನ್ನು ತಂದು ನುಂಗಬಾರದು. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್‌ಗಳನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಿ.

ಹೆಚ್ಚಿನವರು ಮೋಸಹೋಗುವುದು ಜ್ವರ ಬಿಟ್ಟ ದಿನ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ ಮೈ ತಣ್ಣಗಾಗುತ್ತದೆ. ಮನೆಯವರು ಗುಣವಾಯಿತೆಂದು ನಿಟ್ಟುಸಿರು ಬಿಡುವ ಆ ಹೊತ್ತಿನಲ್ಲೇ ಕೆಲವರಲ್ಲಿ ರಕ್ತನಾಳಗಳಿಂದ ದ್ರವ ಸೋರಲಾರಂಭಿಸಿ, ಒಂದೆರಡು ದಿನಗಳಲ್ಲಿ ರಕ್ತದೊತ್ತಡ ಕುಸಿಯಬಹುದು. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಮಂಕು ಅಥವಾ ಚಡಪಡಿಕೆ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗರ್ಭಿಣಿಯರು, ಹಸುಳೆಗಳು, ಮಧುಮೇಹಿಗಳ ವಿಷಯದಲ್ಲಿ ಆರಂಭದಿಂದಲೇ ವೈದ್ಯರ ನಿಗಾ ಇರಬೇಕು.

ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆಯೊಂದನ್ನೇ ಹಿಡಿದು ರಕ್ತನಿಧಿಗೆ ಓಡುವುದು ನಮ್ಮ ಊರಿನ ರೂಢಿಯಾಗಿಬಿಟ್ಟಿದೆ. ರಕ್ತಸ್ರಾವವಿಲ್ಲದವರಿಗೆ ಸಂಖ್ಯೆ 10,000ಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ; ವೈದ್ಯರು ಅದರಷ್ಟೇ ಎಚ್ಚರದಿಂದ ಗಮನಿಸುವುದು ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ದ್ರವ ಸೋರಿದಾಗ ಏರುವುದನ್ನು. ಪಪ್ಪಾಯಿ ಎಲೆಯ ರಸವನ್ನು ನೆಚ್ಚಿಕೊಂಡು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ.

ರೋಗಿ ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಲಿ. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗಿನ ಮತ್ತು ಸಂಜೆಯ ಮುಂಚಿನ ಹೊತ್ತಿನಲ್ಲಿ. ರೋಗಿಯನ್ನು ಕಚ್ಚಿದ ಸೊಳ್ಳೆ ಕೆಲವು ದಿನಗಳ ಬಳಿಕ ಪಕ್ಕದ ಮನೆಗೂ ರೋಗ ಹಂಚುತ್ತದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿದ್ದು, ಬೇರೆ ಬಗೆಯದು ಎರಡನೆಯ ಸಲ ತಗುಲಿದಾಗ ಕಾಯಿಲೆ ಉಲ್ಬಣಿಸುವ ಸಂಭವ ಹೆಚ್ಚು. ಹೀಗಾಗಿ ಗುಣವಾದ ಮೇಲೂ ಪರೀಕ್ಷಾ ವರದಿಯನ್ನು ಎಸೆಯದೆ ಫೈಲಿನಲ್ಲಿಟ್ಟುಕೊಂಡು, ಮುಂದೆ ಜ್ವರ ಬಂದಾಗ ವೈದ್ಯರಿಗೆ ತೋರಿಸಿ.