ಏರಿನಲ್ಲಿ ಏದುಸಿರೇ? 4 ನಿಮಿಷದ ಇಂಟರ್ವಲ್ ಮಾಡಿ ನೋಡಿ

ದಿನಾ ಒಂದೇ ದಾರಿ, ಒಂದೇ ವೇಗ. ತಿಂಗಳುಗಟ್ಟಲೆ ಸೈಕಲ್ ತುಳಿದರೂ ಏರು ಬಂದ ಕೂಡಲೇ ಏದುಸಿರು. ದೇಹ ಆ ಶ್ರಮಕ್ಕೆ ಒಗ್ಗಿಬಿಟ್ಟಿದೆ, ಅಷ್ಟೇ. ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ಹಗುರವಾಗಿ ತುಳಿಯುವ ಇಂಟರ್ವಲ್ ಟ್ರೈನಿಂಗ್ ಅದನ್ನು ಮತ್ತೆ ಎಚ್ಚರಿಸುತ್ತದೆ.

ಇದರಲ್ಲಿ ಹಲವು ಬಗೆಗಳಿವೆ. ನಾನು ಮೊದಲು ಹೇಳುವುದು 4 ನಿಮಿಷದ ನಾಲ್ಕು ಸುತ್ತು. ನಾರ್ವೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಓಟದ ಮೂಲಕ ಪರೀಕ್ಷಿಸಿದ್ದರು. ವಾರಕ್ಕೆ 3 ದಿನ, 8 ವಾರ ಮಾಡಿದವರಲ್ಲಿ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಸುಮಾರು 7% ಹೆಚ್ಚಿತು. ನಿಧಾನವಾಗಿ ಹೆಚ್ಚು ಹೊತ್ತು ಓಡಿದವರಲ್ಲಿ ಹೆಚ್ಚಲಿಲ್ಲ. ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳತೊಡಗುವುದೇ ಇದಕ್ಕೆ ಮುಖ್ಯ ಕಾರಣ.

ಹೃದಯದ ತೊಂದರೆ, ಬಿಪಿ ಇದ್ದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಸೈಕಲ್ಲಿಗೇ ಹೊಸಬರಾದರೆ ಒಂದೆರಡು ತಿಂಗಳು ಹಗುರವಾಗಿ ತುಳಿಯಿರಿ, ಸಾಕು.

ಮೊದಲು ಜಾಗ ಹುಡುಕಿ. ಸಿಗ್ನಲ್, ಅಡ್ಡರಸ್ತೆ ಇಲ್ಲದ, ಉದ್ದನೆಯ, ಹೆಚ್ಚು ಕಡಿದಲ್ಲದ ಏರು ಒಳ್ಳೆಯದು. ಮನೆಯಲ್ಲೇ ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಟ್ರೈನರ್ ಆದರೂ ಸರಿ. 15 ನಿಮಿಷ ವಾರ್ಮ್‌ಅಪ್ ಮಾಡಿ. ಕೊನೆಗೆ 30 ಸೆಕೆಂಡಿನ ಎರಡು ಚುರುಕು ತುಳಿತ ಸೇರಿಸಿ.

ಈಗ 4 ನಿಮಿಷ ಜೋರಾಗಿ. ಎಷ್ಟು ಜೋರು? ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲು ಆಗಬಾರದು. ಹಾಗಂತ ಇದು ಸ್ಪ್ರಿಂಟ್ ಅಲ್ಲ. ಎದೆಬಡಿತ ಗರಿಷ್ಠದ 90-95%ಕ್ಕೆ ಹೋಗಬೇಕು, ಆದರೆ ಅದು ಏರಲು ಒಂದೆರಡು ನಿಮಿಷ ಬೇಕು. ಶುರುವಿನಲ್ಲೇ ಆ ಅಂಕಿಯ ಬೆನ್ನು ಹತ್ತಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ಸುತ್ತಿನಲ್ಲೇ ಶಕ್ತಿಯೆಲ್ಲ ಖಾಲಿ ಮಾಡಿ, ಮೂರನೆಯದರಲ್ಲಿ ಕಾಲು ಸೋಲುತ್ತದೆ. ನಾನು ಹೇಳಿಕೊಡುವ ಉಪಾಯ ಇದು: ಪ್ರತಿ ಸುತ್ತನ್ನೂ ಅದೇ ಕಂಬದ ಹತ್ತಿರ ಶುರು ಮಾಡಿ, 4 ನಿಮಿಷಕ್ಕೆ ಎಲ್ಲಿ ತಲುಪಿದಿರಿ ನೋಡಿಕೊಳ್ಳಿ. ನಾಲ್ಕನೆಯ ಸುತ್ತೂ ಹೆಚ್ಚುಕಡಿಮೆ ಅಲ್ಲಿಗೇ ಮುಟ್ಟಬೇಕು. ತುಂಬಾ ಹಿಂದೆ ಉಳಿದರೆ, ಮುಂದಿನ ಸಲ ಮೊದಲ ಸುತ್ತನ್ನು ಸ್ವಲ್ಪ ಹಿಡಿತದಲ್ಲಿಡಿ.

ಸುತ್ತುಗಳ ನಡುವೆ 3 ನಿಮಿಷ ಹಗುರ ಗೇರಿನಲ್ಲಿ ತುಳಿಯುತ್ತಲೇ ಕೆಳಗೆ ಬನ್ನಿ. ನಿಂತುಬಿಡಬೇಡಿ. ಕಾಲು ಆಡುತ್ತಿದ್ದರೆ, ಜೋರಾಗಿ ತುಳಿದಾಗ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಎಂಬ ವಸ್ತು ಬೇಗ ಇಳಿಯುತ್ತದೆ. ಕೊನೆಗೆ 10 ನಿಮಿಷ ಆರಾಮಾಗಿ ತುಳಿಯಿರಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ.

ಮೊದಲ ವಾರ ಎರಡೇ ಸುತ್ತು ಸಾಕು, ಆಮೇಲೆ ವಾರಕ್ಕೊಂದು ಸೇರಿಸಿ. ವಾರದಲ್ಲಿ ಎರಡು ದಿನ, ನಡುವೆ 48 ಗಂಟೆ ಬಿಡುವು. ಉಳಿದ ದಿನ ಗೆಳೆಯರ ಜೊತೆ ಹರಟುತ್ತಾ ತುಳಿಯುವಷ್ಟು ನಿಧಾನ ಇರಲಿ. ಇದನ್ನು ಪಾಲಿಸುವುದೇ ಕಷ್ಟ, ಅಲ್ವಾ? ಆದರೆ ಹಗುರ ದಿನ ಹಗುರವಾಗಿದ್ದರೆ ಮಾತ್ರ ಜೋರು ದಿನಕ್ಕೆ ಕಾಲು ತಾಜಾ ಇರುತ್ತದೆ.

ಆರು ವಾರದ ನಂತರ ಅದೇ ಕಂಬದಿಂದ ಹೊರಟು, 4 ನಿಮಿಷಕ್ಕೆ ಎಷ್ಟು ದೂರ ಹೋಗುತ್ತೀರಿ ಎಂದು ಅಳೆದು ನೋಡಿ.