ಹಂಪಿಯಲ್ಲಿ ಕ್ಯಾಮೆರಾ ಕಲಿಯುವುದು ಹೇಗೆ?

ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಯೊಂದರಲ್ಲಿ ರಾಜಗೋಪುರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತದೆ. ಸಣ್ಣ ಕಿಂಡಿಯೊಂದರಿಂದ ಬರುವ ಬೆಳಕು ಅಲ್ಲಿ ಬಿಂಬವಾಗುತ್ತದೆ. ಹೊಸ ಕ್ಯಾಮೆರಾ ಕೊಂಡವರು ಮೊದಲು ನೋಡಬೇಕಾದದ್ದು ಇದನ್ನೇ. ಕಿಂಡಿ ಚಿಕ್ಕದು, ಹಾಗಾಗಿ ಬಿಂಬ ಮಂಕು. ನಿಮ್ಮ ಲೆನ್ಸಿನೊಳಗೂ ಇಂಥದೇ ಕಿಂಡಿ ಇದೆ. ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಅದೇ ಅಪರ್ಚರ್.

ಮೂರು ಸಂಖ್ಯೆಗಳು

ಅಪರ್ಚರನ್ನು ಎಫ್ ಸಂಖ್ಯೆಯಲ್ಲಿ ಅಳೆಯುತ್ತಾರೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಎಫ್ 5.6ರಿಂದ ಎಫ್ 8ಕ್ಕೆ ಹೋದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಬೆಳಕು ಎಷ್ಟು ಹೊತ್ತು ಒಳಬರಬೇಕು ಎಂಬುದು ಷಟರ್; ಅದು 1/125 ಸೆಕೆಂಡಿನಿಂದ 1/250ಕ್ಕೆ ಹೋದರೂ ಅಷ್ಟೇ, ಅರ್ಧ. ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕು ಎಂಬುದು ಐಎಸ್ಒ; ಅದನ್ನು 100ರಿಂದ 200ಕ್ಕೆ ಏರಿಸಿದರೆ ಚಿತ್ರ ಎರಡರಷ್ಟು ಬೆಳಗುತ್ತದೆ. ಒಂದು ಕಡೆ ಕಳೆದುಕೊಂಡದ್ದನ್ನು ಇನ್ನೊಂದು ಕಡೆ ತುಂಬಿಸಿಕೊಳ್ಳುವುದೇ ಚಿತ್ರಕ್ಕೆ ಎಷ್ಟು ಬೆಳಕು ಎಂಬ ಎಕ್ಸ್‌ಪೋಷರ್ ಲೆಕ್ಕ.

ಹಂಪಿಯ ಬಿರುಬಿಸಿಲಿಗೆ ಹಳೆಯ ಲೆಕ್ಕವೊಂದಿದೆ: ಐಎಸ್ಒ 100, ಎಫ್ 16, ಷಟರ್ 1/100. ಎಫ್ 8 ಬೇಕಾದರೆ ಷಟರ್ 1/400. ಮೂರನ್ನೂ ನೀವೇ ಇಡುವ ಮ್ಯಾನ್ಯುಯಲ್ ಮೋಡಿನಲ್ಲಿ ಇದನ್ನು ಒಮ್ಮೆ ಇಟ್ಟು ನೋಡಿ, ಸಂಖ್ಯೆಗಳ ಭಯ ಹೋಗುತ್ತದೆ. ಆಮೇಲೆ ಅಪರ್ಚರ್ ಪ್ರಯಾರಿಟಿ ಮೋಡಿಗೆ ಬನ್ನಿ. ಎಫ್ 8 ಇಡಿ. ಷಟರನ್ನು ಕ್ಯಾಮೆರಾ ನೋಡಿಕೊಳ್ಳಲಿ. ಅದು 1/100ಕ್ಕಿಂತ ನಿಧಾನವಾದರೆ ಕೈ ಅಲುಗಿದ್ದು ಚಿತ್ರದಲ್ಲಿ ಕಾಣಬಹುದು, ಆಗ ಐಎಸ್ಒ ಏರಿಸಿ. ತುಂಗಭದ್ರೆಯಲ್ಲಿ ತಿರುಗುವ ಹರಿಗೋಲು ನಿಂತಂತೆ ಕಾಣಬೇಕೇ? 1/500 ಅಥವಾ ಅದಕ್ಕಿಂತ ವೇಗ ಇರಲಿ.

ಪಂಚೆ ಮತ್ತು ಕಂಬಳಿ

ಸುಮಾರು ಜನ ಇಲ್ಲಿಗೇ ನಿಲ್ಲುತ್ತಾರೆ. ನನ್ನ ಮಟ್ಟಿಗೆ ನಿಜವಾದ ಕಲಿಕೆ ಶುರುವಾಗುವುದು ಇಲ್ಲಿಂದಲೇ. ಕ್ಯಾಮೆರಾಕ್ಕೆ ಗೋಪುರ ಗೊತ್ತಿಲ್ಲ, ಕಂಬ ಗೊತ್ತಿಲ್ಲ. ಎದುರಿಗಿರುವುದೆಲ್ಲ ನಡುಮಧ್ಯದ ಬೂದು ಬಣ್ಣದ್ದು ಎಂದುಕೊಂಡು ಅದು ಬೆಳಕು ಅಳೆಯುತ್ತದೆ. ಈಗಿನ ಕ್ಯಾಮೆರಾಗಳು ಜಾಣ ಇರಬಹುದು. ಆದರೂ ಚೌಕಟ್ಟಿನ ತುಂಬ ಒಂದೇ ಬಣ್ಣ ಇದ್ದರೆ ಅವೂ ಎಡವುತ್ತವೆ.

ಹಂಪಿಗೆ ಹೊರಡುವ ಮುನ್ನ ಮನೆಯಲ್ಲೇ ಹೀಗೆ ಮಾಡಿ. ಕಿಟಕಿ ಪಕ್ಕ ಬಿಳಿ ಪಂಚೆ ಹಾಸಿ, ಚೌಕಟ್ಟು ಪೂರ್ತಿ ಅದೇ ತುಂಬುವಂತೆ ಚಿತ್ರ ತೆಗೆಯಿರಿ. ಅದೇ ಜಾಗದಲ್ಲಿ ಕರಿ ಕಂಬಳಿ ಹಾಸಿ ಇನ್ನೊಂದು ತೆಗೆಯಿರಿ. ಪಂಚೆ ಮಾಸಿದಂತೆ, ಕಂಬಳಿ ಬಿಳಚಿಕೊಂಡಂತೆ ಬರುತ್ತದೆ. ಈಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿ ಹುಡುಕಿ. ಪ್ಲಸ್ ಚಿತ್ರವನ್ನು ಬೆಳಗಿಸುತ್ತದೆ, ಮೈನಸ್ ಮಂಕಾಗಿಸುತ್ತದೆ. ಪಂಚೆಗೆ +1, ಕಂಬಳಿಗೆ -1. ಎರಡೂ ತಮ್ಮ ನಿಜ ಬಣ್ಣಕ್ಕೆ ಹತ್ತಿರ ಬರುತ್ತವೆ. ಮೊಬೈಲ್ ಆದರೆ ಪರದೆ ಮುಟ್ಟಿ, ಅಲ್ಲೇ ಕಾಣುವ ಸೂರ್ಯನ ಗುರುತನ್ನು ಸರಿಸಿದರಾಯಿತು.

ಇದೇ ಪಾಠ ಹಂಪಿಯಲ್ಲಿ ಕೆಲಸಕ್ಕೆ ಬರುತ್ತದೆ. ತಿಳಿ ಬಣ್ಣದ ರಾಜಗೋಪುರದ ಮೇಲೆ ಬಿಸಿಲು ಬಿದ್ದಾಗ ಚಿತ್ರ ಮಂಕಾದರೆ ಸ್ವಲ್ಪ ಪ್ಲಸ್. ಹಜಾರರಾಮ ದೇವಸ್ಥಾನದೊಳಗಿನ ನುಣುಪಾದ ಕರಿಕಲ್ಲಿನ ಕಂಬಗಳಿಗೆ ಮೈನಸ್. ಅರ್ಧ ಬಿಸಿಲು, ಅರ್ಧ ಕತ್ತಲೆಯ ಮಂಟಪದಲ್ಲಿ ಎರಡನ್ನೂ ಉಳಿಸುವುದು ಕಷ್ಟ. ಯಾವುದು ಮುಖ್ಯ ಎಂದು ನೀವೇ ತೀರ್ಮಾನಿಸಬೇಕು. ಅನುಮಾನ ಬಂದರೆ ಬೆಳಕಿನ ಭಾಗವನ್ನು ಉಳಿಸಿ. ನೆರಳಿನಿಂದ ಆಮೇಲೆ ಸ್ವಲ್ಪ ವಿವರ ಹೊರತೆಗೆಯಬಹುದು, ಪೂರ್ತಿ ಬೆಳ್ಳಗಾದ ಕಡೆ ತೆಗೆಯಲು ಏನೂ ಇರುವುದಿಲ್ಲ.

ಈಗ ಚೌಕಟ್ಟು

ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡಿ, ಗೆರೆಗಳು ಸೇರುವ ಕಡೆ ವಸ್ತುವನ್ನಿಡಿ ಎನ್ನುತ್ತಾರೆ. ಗ್ರಿಡ್ ಆನ್ ಮಾಡಿಕೊಳ್ಳಿ, ಕಡೇಪಕ್ಷ ದಿಗಂತ ವಾಲುವುದಿಲ್ಲ. ಅದಕ್ಕಿಂತ ಜಾಸ್ತಿ ಅದಕ್ಕೆ ಅಂಟಿಕೊಳ್ಳಬೇಡಿ. ಸಾಲುಕಂಬಗಳ ನಡುವೆ ನಿಂತಾಗ ಸರಿಯಾಗಿ ಮಧ್ಯಕ್ಕೆ ಇಡುವುದೇ ಚೆಂದ.

ಮುಖ್ಯವಾದದ್ದು ಕಾಲಿನ ಕೆಲಸ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ 50 ರೂಪಾಯಿ ನೋಟಿನ ಮೇಲೂ ಇದೆ, ಅದನ್ನು ನೋಡದವರಿಲ್ಲ. ಬಂದವರೆಲ್ಲ ನಿಂತಲ್ಲೇ ನಿಂತು ಕಣ್ಣಿನ ಎತ್ತರದಿಂದ ಕ್ಲಿಕ್ ಮಾಡುತ್ತಾರೆ. ನೀವು ಮೊದಲು ಕ್ಯಾಮೆರಾ ಕೆಳಗಿಳಿಸಿ, ರಥದ ಸುತ್ತ ಒಂದು ಸುತ್ತು ಬನ್ನಿ. ಹಿಂದಿನ ಮಂಟಪದ ಕಂಬಗಳು ರಥಕ್ಕೆ ಅಂಟಿಕೊಂಡಂತೆ ಕಂಡರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಕುಳಿತು ನೋಡಿ. ರಥದ ಹಿಂದೆ ಆಕಾಶ ಬಂದರೆ ಅದರ ಆಕಾರ ಬಿಡಿಸಿದಂತೆ ಕಾಣುತ್ತದೆ. ಆಮೇಲೆ ಚೌಕಟ್ಟಿನ ನಾಲ್ಕೂ ಅಂಚುಗಳ ಮೇಲೆ ಕಣ್ಣಾಡಿಸಿ. ಅರ್ಧ ಕತ್ತರಿಸಿದ ಮನುಷ್ಯ, ನೀರಿನ ಬಾಟಲಿ, ಕರೆಂಟ್ ತಂತಿ ಇವೆಲ್ಲ ಅಡಗಿರುವುದು ಅಲ್ಲೇ.

ಹೇಮಕೂಟ ಗುಡ್ಡದಲ್ಲಿ ಇದರ ತದ್ವಿರುದ್ಧ. ಅಲ್ಲಿ ಆಕಾಶ, ಬಂಡೆ, ಗುಡಿ ಎಲ್ಲ ಧಾರಾಳ. ಬರೀ ದೂರದ್ದನ್ನೇ ತೆಗೆದರೆ ಚಿತ್ರ ಚಪ್ಪಟೆಯಾಗುತ್ತದೆ. ಹತ್ತಿರದ ಬಂಡೆಯೊಂದು ಮುಂದೆ ಇರಲಿ, ಗುಡಿ ಹಿಂದೆ. ಬಂಡೆ ಮೇಲೆ ಒಬ್ಬರು ಕುಳಿತಿದ್ದರೆ ಜಾಗ ಎಷ್ಟು ದೊಡ್ಡದು ಎಂಬುದು ತಾನಾಗಿ ತಿಳಿಯುತ್ತದೆ. ಮುಖ ಗುರುತು ಸಿಗುವಷ್ಟು ಹತ್ತಿರ ಇದ್ದರೆ ಅವರನ್ನು ಕೇಳಿಯೇ ತೆಗೆಯಿರಿ.

ಉಬ್ಬುಶಿಲ್ಪಕ್ಕೆ ಮಾತ್ರ ಬೆಳಕು ಕಾಯಲೇಬೇಕು. ಹಜಾರರಾಮದ ಗೋಡೆಯ ರಾಮಾಯಣದ ಸಾಲುಗಳ ಮೇಲೆ ಬಿಸಿಲು ನೇರವಾಗಿ ಎದುರಿನಿಂದ ಬಿದ್ದಾಗ ಶಿಲ್ಪ ಗೋಡೆಯಲ್ಲೇ ಕರಗಿದಂತಿರುತ್ತದೆ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋದಾಗ ಪ್ರತಿ ಉಬ್ಬಿಗೂ ನೆರಳು ಹುಟ್ಟುತ್ತದೆ. ಬೇರೆ ಬೇರೆ ದಿಕ್ಕಿನ ಗೋಡೆಗಳಿಗೆ ಈ ಹೊತ್ತು ಬೇರೆ ಬೇರೆ. ಹಾಗಾಗಿ ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆಗೆ ಮುಂಚೆ ಅದೇ ಗೋಡೆಯ ಮುಂದೆ ನಿಂತು, ಅದೇ ಎಫ್ 8ರಲ್ಲಿ ತೆಗೆಯಿರಿ. ರಾತ್ರಿ ಎರಡನ್ನೂ ಪಕ್ಕಪಕ್ಕ ಇಟ್ಟು, ಪ್ರತಿ ಚಿತ್ರದ ಷಟರ್ ಮತ್ತು ಕಾಂಪೆನ್ಸೇಷನ್ ಎಷ್ಟಿತ್ತು ಎಂದು ನೋಡಿ ಬರೆದಿಟ್ಟುಕೊಳ್ಳಿ. ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.