ಹಲವು ದೇಶಗಳ ವಿನ್ಯಾಸ ತಂಡದಲ್ಲಿ ಸದಸ್ಯರ ನಿರೀಕ್ಷೆಗಳನ್ನು ಅರಿಯುವುದು ಹೇಗೆ?

ಬೇರೆ ಬೇರೆ ದೇಶಗಳ ಮಹಿಳೆಯರೂ ಪುರುಷರೂ ಕೂಡಿ ದುಡಿಯುವ ವಿನ್ಯಾಸ ತಂಡವನ್ನು ನಡೆಸುವವರು, ಯಾರು ಯಾವ ಬಗೆಯ ನಾಯಕತ್ವವನ್ನು ಬಯಸುತ್ತಾರೆ ಎಂಬುದನ್ನು ಕೆಲಸದ ಆರಂಭದಲ್ಲಿಯೇ ತಿಳಿದುಕೊಳ್ಳಬೇಕು. ಆದರೆ ಅದನ್ನು ನೇರವಾಗಿ ಕೇಳಬೇಡಿ. ಸಂಸ್ಕೃತಿ ಮತ್ತು ನಾಯಕತ್ವದ ನಂಟನ್ನು ಅರಿಯಲು 62 ಸಮಾಜಗಳ ಸುಮಾರು 17,000 ವ್ಯವಸ್ಥಾಪಕರನ್ನು ಪ್ರಶ್ನಿಸಿದ ಗ್ಲೋಬ್ ಎಂಬ ಅಧ್ಯಯನದಲ್ಲಿ ಪ್ರಾಮಾಣಿಕತೆ, ವಿಶ್ವಾಸಾರ್ಹತೆಗಳು ಎಲ್ಲೆಡೆಯೂ ಮೆಚ್ಚುಗೆ ಪಡೆದವು. ಮಹತ್ವಾಕಾಂಕ್ಷೆ, ಅಪಾಯಕ್ಕೆ ಎದೆಗೊಡುವ ಸ್ವಭಾವದಂಥ ಗುಣಗಳ ವಿಷಯದಲ್ಲಿ ಮಾತ್ರ ಸಮಾಜಗಳು ಭಿನ್ನವಾಗಿ ಉತ್ತರಿಸಿದವು. ಹೀಗಾಗಿ ಸಾಮಾನ್ಯ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರವೇ ಬರುತ್ತದೆ, ಭಿನ್ನತೆ ಮರೆಯಲ್ಲೇ ಉಳಿಯುತ್ತದೆ.

ಅದರ ಬದಲು ಒಂದು ಸಂದರ್ಭವನ್ನು ಬರೆದುಕೊಡಿ. ಮೂಲಮಾದರಿಯ ಹಿಡಿಕೆ ಪರೀಕ್ಷೆಯಲ್ಲಿ ಮುರಿದಿದೆ. ಮುಖ್ಯಸ್ಥರು ಹೇಳುತ್ತಿರುವ ಕಾರಣ ತಪ್ಪೆಂದು ತಂಡದ ಕಿರಿಯ ಸದಸ್ಯೆಯೊಬ್ಬರಿಗೆ ಗೊತ್ತಿದೆ. ಆಕೆ ಸಭೆಯಲ್ಲಿಯೇ ಹೇಳಬೇಕೇ, ಸಭೆಯ ನಂತರ ಪ್ರತ್ಯೇಕವಾಗಿ ತಿಳಿಸಬೇಕೇ, ಅಥವಾ ಸಹೋದ್ಯೋಗಿಯ ಮೂಲಕ ಹೇಳಿಸಬೇಕೇ? ಚರ್ಚೆಗೆ ಮುನ್ನವೇ ಪ್ರತಿಯೊಬ್ಬರೂ ತಮ್ಮ ಉತ್ತರವನ್ನೂ ಕಾರಣವನ್ನೂ ಬರೆದಿಡಲಿ. ಅರ್ಧದಷ್ಟು ಹಾಳೆಗಳಲ್ಲಿ ಆ ಕಿರಿಯ ಸದಸ್ಯರು ಪುರುಷರಾಗಿರಲಿ. ಸಣ್ಣ ತಂಡದಲ್ಲಿ ಇದು ಏನನ್ನೂ ಸಾಬೀತುಪಡಿಸುವುದಿಲ್ಲ. ಆದರೂ ಎರಡೂ ಬಗೆಯ ಹಾಳೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ಹುಟ್ಟುವ ಚರ್ಚೆ ಬಹಳ ಬೆಲೆಯುಳ್ಳದ್ದು.

ಉತ್ತರಗಳನ್ನು ಓದುವಾಗ ದುಡುಕಬಾರದು. ಡಚ್ ಸಮಾಜ ಮನೋವಿಜ್ಞಾನಿ ಖೇರ್ಟ್ ಹಾಫ್‌ಸ್ಟೆಡ್ ಅವರು 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ನೌಕರರಿಂದ ಸಂಗ್ರಹಿಸಿದ ಮಾಹಿತಿಯಿಂದ ರೂಪಿಸಿದ, ಸಂಸ್ಕೃತಿಯ ಮೌಲ್ಯಗಳನ್ನು ಅಳೆಯುವ ದೇಶವಾರು ಅಂಕಗಳನ್ನು ಅನೇಕರು ವ್ಯಕ್ತಿಗಳಿಗೇ ಅಂಟಿಸುತ್ತಾರೆ. ಅವು ಸಮಾಜದ ಸರಾಸರಿಗಳೇ ಹೊರತು ವ್ಯಕ್ತಿಯ ಅಳತೆಗಳಲ್ಲ. ಈ ಎಚ್ಚರಿಕೆಯನ್ನು ಸ್ವತಃ ಹಾಫ್‌ಸ್ಟೆಡ್ ಅವರೇ ಕೊಟ್ಟಿದ್ದಾರೆ. ಲಿಂಗ ಮತ್ತು ರಾಷ್ಟ್ರೀಯತೆಗಳನ್ನು ಬೇರ್ಪಡಿಸಿ ನೋಡುವುದೂ ಸರಿಯಲ್ಲ. ಮನೋವಿಜ್ಞಾನಿ ವರ್ಜೀನಿಯಾ ಶೈನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಐದು ದೇಶಗಳ ಹೋಲಿಕೆಯಲ್ಲಿ, ಯಶಸ್ವಿ ವ್ಯವಸ್ಥಾಪಕರ ಗುಣಗಳು ಪುರುಷರಲ್ಲೇ ಹೆಚ್ಚೆಂದು ಎಲ್ಲ ದೇಶಗಳ ಪುರುಷ ವಿದ್ಯಾರ್ಥಿಗಳೂ ಭಾವಿಸಿದ್ದರು. ಅಮೆರಿಕದ ವಿದ್ಯಾರ್ಥಿನಿಯರು ಹಾಗೆ ಭಾವಿಸಿರಲಿಲ್ಲ. ಹೆಣ್ಣುಮಕ್ಕಳ ನೋಟವೇ ದೇಶದಿಂದ ದೇಶಕ್ಕೆ ಬದಲಾಗುತ್ತದೆ ಎಂಬುದು ಇಲ್ಲಿ ಸ್ಪಷ್ಟ.

ತಂಡದ ಕೆಲಸವನ್ನು ಅರಿಯಲು ಸಭೆಯನ್ನೇ ಗಮನಿಸಿ. ಯಾರು ಮಾತನಾಡಿದರು, ಯಾರ ಮಾತು ಅರ್ಧಕ್ಕೆ ನಿಂತಿತು, ಯಾರ ಸಲಹೆ ಇನ್ನೊಬ್ಬರ ಹೆಸರಿನಲ್ಲಿ ದಾಖಲಾಯಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ನಡಾವಳಿ ಬರೆಯುವ ಹೊಣೆ ಸರದಿಯಂತೆ ಎಲ್ಲರಿಗೂ ಬರಲಿ.

ವಿನ್ಯಾಸದಲ್ಲಿ ಈ ನೋಟಗಳ ಪರಿಣಾಮ ವಸ್ತುವಿನ ಮೇಲೆಯೇ ಮೂಡುತ್ತದೆ. ಕಾರುಗಳ ಡಿಕ್ಕಿ ಪರೀಕ್ಷೆಯಲ್ಲಿ ದಶಕಗಳ ಕಾಲ ಮಧ್ಯಮ ಗಾತ್ರದ ಪುರುಷನ ಬೊಂಬೆಯೇ ಮಾನದಂಡವಾಗಿತ್ತು. ಮಹಿಳೆಯ ಹೆಸರಿನಲ್ಲಿ ಬಳಕೆಯಾಗುತ್ತಿದ್ದುದು ಬಹುಮಟ್ಟಿಗೆ ಅದನ್ನೇ ಕಿರಿದಾಗಿಸಿದ ರೂಪ. ಸರಾಸರಿ ಮಹಿಳೆಯ ಮೈಕಟ್ಟನ್ನು ಆಧರಿಸಿದ ಬೊಂಬೆಯನ್ನು ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಅವರ ತಂಡ ಸಿದ್ಧಪಡಿಸಿ ತೋರಿಸಿದ್ದು 2022ರಲ್ಲಿ. ಇಷ್ಟು ತಡವಾದದ್ದು ನಿಜಕ್ಕೂ ನೋವಿನ ಸಂಗತಿ.

ಆದ್ದರಿಂದ ಮೊದಲ ನಕ್ಷೆಗೂ ಮುನ್ನ, ತಾವು ಕಲ್ಪಿಸಿಕೊಂಡ ಬಳಕೆದಾರರ ಎತ್ತರ, ಕೈಯ ಅಳತೆ, ವಯಸ್ಸು, ಓದಬಲ್ಲ ಭಾಷೆ, ಬಳಸುವ ಸ್ಥಳಗಳನ್ನು ಪ್ರತಿ ಸದಸ್ಯರೂ ಪ್ರತ್ಯೇಕವಾಗಿ ಬರೆಯಲಿ. ಹಾಳೆಗಳನ್ನೆಲ್ಲ ಜೋಡಿಸಿಟ್ಟು, ಯಾರ ಹಾಳೆಯಲ್ಲಿಯೂ ಕಾಣದವರನ್ನು ಪಟ್ಟಿ ಮಾಡಿ, ಮೂಲಮಾದರಿಯ ಮೊದಲ ಪರೀಕ್ಷೆಗೆ ಅಂಥವರನ್ನೇ ಕರೆಯಿರಿ.